ಬಯಲಿನ ರಕ್ಷಣೆ ಮತ್ತು ನೇರ ಅಂಗೀಕಾರ: ಕ್ಯಾಲಿಫೋರ್ನಿಯಾದ ಜನೋಪಕ್ರಮಗಳ ಒಂದು ಪರಿಶೀಲನೆ

ನಿಗದಿತ ಸಂಖ್ಯೆಯ ಮತದಾರರು ಸಹಿ ಹಾಕಿ ಶಾಸನದ ಕರಡೊಂದನ್ನು ತಾವೇ ಮುಂದಿಡುವ ಹಕ್ಕನ್ನು ಜನೋಪಕ್ರಮ ಎನ್ನಲಾಗುತ್ತದೆ. ಹೈರಮ್ ಜಾನ್ಸನ್ ರಾಜ್ಯಪಾಲರಾಗಿದ್ದಾಗ, 1911ರಲ್ಲಿ, ಈ ಹಕ್ಕು ಕ್ಯಾಲಿಫೋರ್ನಿಯಾ ರಾಜ್ಯದ ಸಂವಿಧಾನವನ್ನು ಸೇರಿತು. ರೈಲ್ವೆ ಕಂಪನಿಯ ಹಿಡಿತದಿಂದ ಶಾಸನಸಭೆಯನ್ನು ಬಿಡಿಸಬೇಕೆಂದು ಇದನ್ನು ತಂದವರಿಗೆ, ಮುಂದೊಂದು ದಿನ ದ್ರಾಕ್ಷಿತೋಟ, ಗುಡ್ಡಸಾಲು ಮತ್ತು ಹಿನ್ನೀರಿನ ದಂಡೆಗಳ ಭವಿಷ್ಯವೂ ಇದೇ ಹಾದಿಯಲ್ಲಿ ತೀರ್ಮಾನವಾಗುತ್ತದೆಂಬ ಎಣಿಕೆ ಇದ್ದಿರಲಾರದು. ಇಲ್ಲಿ ಬಯಲು ಎಂದರೆ ಕಟ್ಟಡಗಳಿಲ್ಲದೆ ಉಳಿಸಿಕೊಳ್ಳಲು ಯೋಜನೆಯಲ್ಲಿ ಗುರುತಿಸಿದ ಭೂಮಿ. ಅದು ಗೋಮಾಳದಂತೆ ಸಾರ್ವಜನಿಕ ಒಡೆತನದ್ದೇ ಆಗಿರಬೇಕಿಲ್ಲ, ಬಹುಪಾಲು ಖಾಸಗಿಯವರ ಕೃಷಿಭೂಮಿಯೂ ಆಗಿರಬಹುದು.

ಈ ಹಕ್ಕಿನ ಬಲ ಮೊದಲು ಸ್ಪಷ್ಟವಾಗಿ ಕಂಡದ್ದು ನಾಪಾ ಕೌಂಟಿಯಲ್ಲಿ. ಕೃಷಿಗೆಂದು ಗುರುತಿಸಿದ ಭೂಮಿಯನ್ನು 2020ರವರೆಗೆ ಮತದಾರರ ಒಪ್ಪಿಗೆಯಿಲ್ಲದೆ ಬೇರೆ ಬಳಕೆಗೆ ಬದಲಿಸಕೂಡದೆಂಬ ‘ಮೆಷರ್ ಜೆ’ 1990ರಲ್ಲಿ ಅಲ್ಲಿ ಗೆದ್ದಿತು. ಭೂಬಳಕೆಯ ಸಮಗ್ರ ಯೋಜನೆಯನ್ನು ರೂಪಿಸುವುದು ಚುನಾಯಿತ ಮಂಡಳಿಯ ಕೆಲಸವೇ ಹೊರತು ಮತಪೆಟ್ಟಿಗೆಯದ್ದಲ್ಲ ಎಂಬ ವಾದವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಡಿವೀಟಾ ಪ್ರಕರಣದಲ್ಲಿ, 1995ರಲ್ಲಿ, ತಳ್ಳಿಹಾಕಿತು. ಅದೇ ವರ್ಷ ವೆಂಚುರಾ ನಗರವೂ 1998ರಲ್ಲಿ ವೆಂಚುರಾ ಕೌಂಟಿಯೂ ಇಂಥದೇ ಕ್ರಮಕ್ಕೆ ಮತ ನೀಡಿದವು. ಮುಂದೆ ನಾಪಾದ ನಿರ್ಬಂಧದ ಅವಧಿ 2058ಕ್ಕೂ ವೆಂಚುರಾದ್ದು 2050ಕ್ಕೂ ವಿಸ್ತರಣೆಯಾಯಿತು.

ಸಹಿಗಳು ಪರಿಶೀಲನೆಯಾಗಿ ಕರಡು ನಗರಸಭೆಯ ಮುಂದೆ ಬಂದಾಗ ಸದಸ್ಯರಿಗೆ ಉಳಿಯುವ ಅಧಿಕಾರವೆಷ್ಟು ಎಂಬುದು ವಿಚಾರಾರ್ಹ. ಚುನಾವಣಾ ಸಂಹಿತೆಯ 9215ನೆಯ ಕಲಮಿನಂತೆ, ನೋಂದಾಯಿತ ಮತದಾರರಲ್ಲಿ ಶೇ. 10ರಷ್ಟು ಮಂದಿ ಸಹಿ ಹಾಕಿದ್ದರೆ ಸಭೆಯು ಕರಡನ್ನು ಇದ್ದಂತೆಯೇ ಅಂಗೀಕರಿಸಬಹುದು, ಮತದಾನಕ್ಕೆ ಕಳುಹಿಸಬಹುದು, ಇಲ್ಲವೇ ಅದರ ಪರಿಣಾಮಗಳ ಬಗ್ಗೆ ವರದಿ ತರಿಸಿಕೊಂಡು ಅನಂತರ ಈ ಎರಡರಲ್ಲೊಂದನ್ನು ಆರಿಸಿಕೊಳ್ಳಬಹುದು. ವಸತಿ, ಸಂಚಾರ ದಟ್ಟಣೆ, ಕೃಷಿಭೂಮಿ ಮತ್ತು ಬಯಲುಗಳ ಮೇಲಾಗುವ ಪರಿಣಾಮವನ್ನು ಈ ವರದಿ ಪರಿಶೀಲಿಸಬಹುದಾದರೂ ಅದು 30 ದಿನಗಳೊಳಗೆ ಸಿದ್ಧವಾಗಬೇಕು. ವರದಿಯಲ್ಲಿ ದೋಷ ಕಂಡುಬಂದರೂ ಕರಡಿನ ಒಂದು ಅಲ್ಪವಿರಾಮವನ್ನು ಕೂಡ ಸಭೆ ಅತ್ತಿತ್ತ ಸರಿಸುವಂತಿಲ್ಲ.

ಮೂರರಲ್ಲಿ ಮೊದಲನೆಯ ದಾರಿಯೇ, ಎಂದರೆ ನೇರ ಅಂಗೀಕಾರವೇ, ಹೆಚ್ಚು ತೊಡಕಿನದು. 9217ನೆಯ ಕಲಮಿನ ಪ್ರಕಾರ, ಮತದಾರರು ಗೆಲ್ಲಿಸಿದ ಶಾಸನವಿರಲಿ, ಅರ್ಜಿಯಾಗಿ ಬಂದು ಸಭೆಯೇ ಅಂಗೀಕರಿಸಿದ ಶಾಸನವಿರಲಿ, ಅದರಲ್ಲೇ ಬೇರೆ ಏರ್ಪಾಡು ಇಲ್ಲದಿದ್ದರೆ ಮತ್ತೊಂದು ಮತದಾನವಿಲ್ಲದೆ ತಿದ್ದಲು ಬರುವುದಿಲ್ಲ. ಹೀಗಾಗಿ ಐದು ಜನ ಸದಸ್ಯರು ಒಂದು ಸಂಜೆ ಕೈಯೆತ್ತಿದ್ದಕ್ಕೆ ಇಡೀ ಊರು ಮತ ಹಾಕಿದಷ್ಟೇ ಸ್ಥಿರತೆ ದೊರೆಯುತ್ತದೆ. ಹೀಗೆ ಅಂಗೀಕೃತವಾದ ಯೋಜನೆಗೆ 1970ರ ಪರಿಸರ ಗುಣಮಟ್ಟ ಕಾಯಿದೆಯು ಕೇಳುವ ಪರಿಸರ ಪರಿಣಾಮ ಅಧ್ಯಯನವೂ ಬೇಕಿಲ್ಲವೆಂದು 2014ರಲ್ಲಿ ಟುವಾಲಮಿ ಪ್ರಕರಣದ ತೀರ್ಪು ಹೇಳಿತು. ಕಾನೂನಿನ ಗಡುವಿನೊಳಗೆ ಅಂಥ ಅಧ್ಯಯನ ಸಾಧ್ಯವೇ ಇಲ್ಲ ಎಂಬ ಅದರ ತರ್ಕ ಅಕ್ಷರಶಃ ಸರಿ. ಆದರೆ ಬಯಲನ್ನು ಕಾಯಲೆಂದು ಬೆಳೆದ ಸಾಧನವು ಬಯಲಿನಲ್ಲಿ ಕಟ್ಟಬಯಸುವವರಿಗೂ ಒದಗಿತೆಂಬುದು ಆ ತೀರ್ಪಿನ ಫಲ.

ಸ್ಯಾನ್ ಡಿಯಾಗೋ ಕೌಂಟಿಯ ಕಾರ್ಲ್ಸ್‌ಬ್ಯಾಡ್ ನಗರದಲ್ಲಿ ಇದು ಪ್ರತ್ಯಕ್ಷವಾಯಿತು. ಅಲ್ಲಿನ ಹೂವು ಮತ್ತು ಸ್ಟ್ರಾಬೆರಿ ಹೊಲಗಳ ರಕ್ಷಣೆಗಾಗಿ 2006ರಲ್ಲಿ ನಗರಸಭೆಯೇ ಮುಂದಿಟ್ಟ ಪ್ರಸ್ತಾವಕ್ಕೆ ಮತದಾರರು ಒಪ್ಪಿಗೆ ಕೊಟ್ಟಿದ್ದರು. ಒಂಬತ್ತು ವರ್ಷಗಳ ನಂತರ, ಆಗ್ವ ಹೆಡಿಯೊಂಡ ಎಂಬ ಹಿನ್ನೀರ ಸರೋವರದ ದಕ್ಷಿಣ ದಂಡೆಯ ಸುಮಾರು 200 ಎಕರೆಗೆ ಲಾಸ್ ಏಂಜಲೀಸಿನ ವಾಣಿಜ್ಯ ಸಂಸ್ಥೆಯೊಂದು ‘85/15’ ಎಂಬ ಹೆಸರಿನ ಜನೋಪಕ್ರಮವನ್ನು ತಂದಿತು. ಶೇ. 85 ಭಾಗ ಬಯಲಾಗಿ ಉಳಿಯುತ್ತದೆ, ಉಳಿದ ಶೇ. 15ರಲ್ಲಿ ಮಾರಾಟ ಮಳಿಗೆಗಳ ಸಂಕೀರ್ಣ ಏಳುತ್ತದೆ ಎಂಬುದು ಅದರ ಒಕ್ಕಣೆ. ರಕ್ಷಣೆಯ ಮಾತು ಮೊದಲು, ಮಳಿಗೆಯ ಮಾತು ಅನಂತರ ಬರುವ ಈ ಹೆಸರಿನ ಜಾಣತನ ಗಮನಾರ್ಹ. ಸಹಿ ಹಾಕಿದವರಲ್ಲಿ ಯಾವ ಅಂಕಿಗೆ ಸಹಿ ಹಾಕಿದವರು ಎಷ್ಟೆಂದು ಅರ್ಜಿಯಿಂದ ತಿಳಿಯುವುದಿಲ್ಲ. 2015ರ ಆಗಸ್ಟ್‌ನಲ್ಲಿ ನಗರಸಭೆಯು ಇದನ್ನು ಮತದಾನಕ್ಕೆ ಬಿಡದೆ ಸರ್ವಾನುಮತದಿಂದ ನೇರವಾಗಿ ಅಂಗೀಕರಿಸಿತು.

ಅದನ್ನು ವಿರೋಧಿಸಿದ ನಿವಾಸಿಗಳಿಗೆ ಉಳಿದದ್ದು ಜನಮತಗಣನೆಯ ಹಾದಿ, ಎಂದರೆ ಅಂಗೀಕೃತ ಶಾಸನವನ್ನು ಸಹಿ ಸಂಗ್ರಹಿಸಿ ತಡೆದು ಮತಕ್ಕೆ ಹಾಕಿಸುವ ಹಕ್ಕು. ಜನೋಪಕ್ರಮಕ್ಕೆ ಸಹಿ ಕೂಡಿಸಲು ಕಾನೂನು 180 ದಿನ ಕೊಟ್ಟರೆ ಜನಮತಗಣನೆಗೆ ಕೊಡುವುದು 30 ದಿನ ಮಾತ್ರ. ಆ ಕಡಿಮೆ ಅವಧಿಯಲ್ಲಿಯೇ ಸಹಿಗಳು ಕೂಡಿದವು. 2016ರ ಫೆಬ್ರವರಿ 23ರಂದು ನಡೆದ ವಿಶೇಷ ಚುನಾವಣೆಯಲ್ಲಿ ಮತದಾರರು ಅಲ್ಪ ಅಂತರದಿಂದ ಯೋಜನೆಯನ್ನು ತಿರಸ್ಕರಿಸಿದರು. ಅಂತರ ಅಲ್ಪವೆಂಬುದನ್ನು ಮರೆಯುವಂತಿಲ್ಲ: ಊರಿನ ಸುಮಾರು ಅರ್ಧದಷ್ಟು ಮಂದಿಗೆ ಯೋಜನೆ ಬೇಕಾಗಿಯೇ ಇತ್ತು, ಆದ್ದರಿಂದ ನಗರಸಭೆ ಜನವಿರೋಧಿಯಾಗಿ ನಡೆಯಿತೆಂದು ಹೇಳಲಾಗದು. ಊರನ್ನು ಕೇಳಬೇಕಾದ ಪ್ರಶ್ನೆಯನ್ನು ಸಭೆಯಲ್ಲೇ ಮುಗಿಸಿದ್ದು ಅದರ ತಪ್ಪು. ಭೂಬಳಕೆಯನ್ನು ಬದಲಿಸುವ ಜನೋಪಕ್ರಮಗಳ ಮಟ್ಟಿಗಾದರೂ ನೇರ ಅಂಗೀಕಾರದ ದಾರಿ ಮುಚ್ಚಬೇಕು. ಅದಕ್ಕೆ ಕಡಿವಾಣ ಹಾಕುವ ಮಸೂದೆಯೊಂದು 2017ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಅಂಗೀಕಾರವಾಯಿತಾದರೂ ರಾಜ್ಯಪಾಲ ಜೆರ್ರಿ ಬ್ರೌನ್ ಅದಕ್ಕೆ ಸಹಿ ಹಾಕದೆ ಹಿಂದಿರುಗಿಸಿದರು.