ಪೀಣ್ಯದಿಂದ ಆನವಟ್ಟಿಗೆ

ಶಿರಾಳಕೊಪ್ಪದಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ, ಸೊರಬ ತಾಲ್ಲೂಕಿನ ಆನವಟ್ಟಿಗೂ ಆಕಾಶ ವಿಜ್ಞಾನಕ್ಕೂ ಏನು ನಂಟು ಎಂದು ಕೇಳುವವರಿಗೆ ಸುತ್ತಲಿನ ಕಲ್ಲುಗಳೇ ಉತ್ತರ ಹೇಳುತ್ತವೆ. ಪಕ್ಕದಲ್ಲೇ ಕುಬಟೂರು, ಶಿಕಾರಿಪುರ ತಾಲ್ಲೂಕಿಗೆ ದಾಟಿದರೆ ಬಳ್ಳಿಗಾವಿ, ತಾಳಗುಂದ. ಈ ಸೀಮೆಯ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣಗಳ ಮಾತು ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಶಕವರ್ಷ, ಮಾಸ, ತಿಥಿ, ವಾರ. ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲೂ ಸೊರಬದವನ್ನು 1904ರಲ್ಲೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಾಗಿ ಅಚ್ಚು ಹಾಕಿಸಿದಾಗ ಅವು ಇತಿಹಾಸಕಾರರ ಸರಕಾಗಿದ್ದವು. ಖಗೋಳಜ್ಞರು ಅವುಗಳತ್ತ ತಿರುಗಿದ್ದು ಬಹಳ ತಡವಾಗಿ.

ತಿರುಗಲು ಕಾರಣವಿದೆ. ಭೂಮಿ ತನ್ನ ಸುತ್ತ ತಿರುಗುವ ವೇಗ ಶತಮಾನಗಳ ಅವಧಿಯಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಕುಗ್ಗುತ್ತಿದೆ. ಅದನ್ನು ಅಳೆಯಲು ಹಳೆಯ ಗ್ರಹಣಗಳ ದಾಖಲೆ ಬೇಕು, ಎಲ್ಲಿ ಯಾವ ದಿನ ಕಂಡಿತು ಎಂಬ ವಿವರ ಸಮೇತ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಶಾಸನಗಳಲ್ಲಿನ ಇಂಥ ಉಲ್ಲೇಖಗಳನ್ನು ಹೆಕ್ಕಿ ಪುಸ್ತಕವನ್ನೇ ತಂದರು. ಎಲ್ಲವೂ ಕಣ್ಣಾರೆ ಕಂಡ ಗ್ರಹಣಗಳಲ್ಲ. ಕೆಲವು ಪಂಚಾಂಗದ ಲೆಕ್ಕ ನೋಡಿ ಬರೆದಂಥವು. ಯಾವುದು ಕಂಡದ್ದು, ಯಾವುದು ಲೆಕ್ಕದ್ದು ಎಂದು ಬಿಡಿಸುವುದೇ ಇಲ್ಲಿನ ಸ್ವಾರಸ್ಯ. ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಕೆಲಸವಿದು.

ಮಕ್ಕಳು ಇಂಥ ಕೆಲಸಕ್ಕೆ ಇಳಿಯಬೇಕಾದರೆ ವಿಜ್ಞಾನ ಅವರ ಭಾಷೆಯಲ್ಲಿ ಸಿಗಬೇಕು. ಕನ್ನಡದಲ್ಲಿ ವಿಜ್ಞಾನ ಹೇಳುವವರು ಉಪಗ್ರಹ ಕಟ್ಟುವವರಿಗಿಂತ ಅರ್ಧ ಶತಮಾನ ಮೊದಲೇ ಬಂದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ದಿನ ಬಾಳಲಿಲ್ಲ. ಆಮೇಲೆ ಶಿವರಾಮ ಕಾರಂತರು ಒಬ್ಬರೇ ಕುಳಿತು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು, ಆರ್.ಎಲ್. ನರಸಿಂಹಯ್ಯ ‘ಜಗತ್ತುಗಳ ಹುಟ್ಟು ಸಾವು’ ಕೊಟ್ಟರು. ಮಡಿಕೇರಿಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಜಿ.ಟಿ. ನಾರಾಯಣ ರಾವ್ ಬರೆದದ್ದಷ್ಟೇ ಅಲ್ಲ, ರಾತ್ರಿ ಮಕ್ಕಳನ್ನು ಕರೆದು ನಕ್ಷತ್ರ ತೋರಿಸಿದರು. ಇವರಲ್ಲಿ ಯಾರಿಗೂ ದೊಡ್ಡ ದೂರದರ್ಶಕದ ಆಸರೆ ಇರಲಿಲ್ಲ. ಇದ್ದದ್ದು ಭಾಷೆ.

ಉಪಗ್ರಹ ಕಟ್ಟುವ ಕೆಲಸ ಆರಂಭವಾದದ್ದು 1972ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಆ ಹುದ್ದೆ ಬಿಡದೆಯೇ ಇಸ್ರೊ ಹೊಣೆ ಹೊತ್ತದ್ದರಿಂದ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ‘ಆರ್ಯಭಟ’ ಕಟ್ಟಿತು. ಸುಮಾರು 360 ಕಿಲೊ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲಕ್ಕೊಯ್ದಿತು. ಅದರ ಸಂಕೇತ ಹಿಡಿಯಲು ಜಾಗ ಸಾಲದೆ ಶೌಚಾಲಯವೊಂದನ್ನೇ ಸ್ವೀಕಾರ ಕೇಂದ್ರವಾಗಿ ಬದಲಿಸಿಕೊಂಡಿದ್ದರು.

ಅದೇ ವರ್ಷ ಆಗಸ್ಟಿನಲ್ಲಿ ಅಂತರಿಕ್ಷ ಮೊದಲ ಬಾರಿಗೆ ಕನ್ನಡದ ಹಳ್ಳಿಗಳಿಗೆ ಇಳಿಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಇದ್ದವು. ಮೊದಲು ತಲುಪಿದ್ದು ರಾಜಧಾನಿಗೆ ಹತ್ತಿರವಿದ್ದವರನ್ನಲ್ಲ, ದೂರದವರನ್ನು ಎಂಬುದನ್ನು ನೆನಪಿಡಬೇಕು. ಸರಿಯಾಗಿ ಒಂದು ವರ್ಷಕ್ಕೆ, 1976ರ ಜುಲೈ ಕೊನೆಗೆ, ಪ್ರಯೋಗ ಮುಗಿಯಿತು. ಮುಂದೆ ಎಜುಸ್ಯಾಟ್ ಉಪಗ್ರಹ 2004ರಲ್ಲಿ ಹಾರಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಜಾಡಿನ ಮುಂದುವರಿಕೆ.

ಇತ್ತ ಜನರ ನಡುವಿನ ಕೆಲಸ ಮೊದಲಿನಿಂದಲೂ ಬೇರೆ ದಾರಿಯಲ್ಲಿ ಸಾಗಿತ್ತು. ಗೌರಿಬಿದನೂರು ಸೀಮೆಯಿಂದ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋಗಿದ್ದ ಎಚ್. ನರಸಿಂಹಯ್ಯ 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟುಹಾಕಿದರು. ವಾರವಾರವೂ ಉಪನ್ಯಾಸ, ಯಾರು ಬೇಕಾದರೂ ಕೂತು ಕೇಳಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ ಶಾಲೆಗಳ ವಾಚನಾಲಯಗಳಿಗೆ ಬರತೊಡಗಿತು. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಒಳಬಂದು ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಆನವಟ್ಟಿಯಿಂದ ಉತ್ತರಕ್ಕೆ ನಾಲ್ಕು ಹೆಜ್ಜೆ ಎನ್ನುವಷ್ಟು ಹತ್ತಿರ. ವಿಜ್ಞಾನಿಗಳು ಶಿಬಿರ ಹೂಡಿ ಕಾದರು. ಜನರು ಬಹುಪಾಲು ಬಾಗಿಲು ಮುಚ್ಚಿ ಒಳಗೆ ಕೂತರು.

2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಹೊತ್ತಿಗೆ ಚಿತ್ರ ಬದಲಾಗಿತ್ತು, ಆದರೆ ಅರ್ಧ ಮಾತ್ರ. ಕಾಸರಗೋಡಿನ ಚೆರುವತ್ತೂರಿನಲ್ಲಿ, ಮಂಗಳೂರಿನಲ್ಲಿ, ಕೊಡಗಿನಲ್ಲಿ ಶಾಲಾ ಮಕ್ಕಳು ಗ್ರಹಣದ ಕನ್ನಡಕ ಹಾಕಿ ನೋಡಿದರು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಕಲಬುರಗಿಯಲ್ಲಿ 1984ರಿಂದಲೇ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಕಟ್ಟಡ ಇದ್ದ ಮಾತ್ರಕ್ಕೆ ಅದರ ಮಾತು ಹತ್ತಿರದ ಊರಿಗೂ ಮುಟ್ಟುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ.

ನಾಡಿನಲ್ಲಿ ಅಂತರಿಕ್ಷದ ಠಾಣೆಗಳೇನೂ ಬೆಂಗಳೂರಿಗಷ್ಟೇ ಸೀಮಿತವಲ್ಲ. ಗೌರಿಬಿದನೂರಿನಲ್ಲಿ 1970ರ ದಶಕದಿಂದ ರೇಡಿಯೊ ದೂರದರ್ಶಕವಿದೆ, ಹಾಸನದಲ್ಲಿ 1982ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ. ಬ್ಯಾಲಾಳುವಿನ 32 ಮೀಟರ್ ಆಂಟೆನಾ 2008ರ ಚಂದ್ರಯಾನದಿಂದ ಈಚೆಗೆ ಚಂದ್ರ, ಮಂಗಳಗಳ ಮಾತು ಕೇಳಿಸಿಕೊಳ್ಳುತ್ತಿದೆ. ಸೂರ್ಯನತ್ತ ಹೊರಟ ಆದಿತ್ಯ-ಎಲ್1ರ ಮುಖ್ಯ ಉಪಕರಣ ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಆದರೆ ಸಂಶೋಧನೆಯ ಠಾಣೆ ಬಂದ ಊರಿಗೆಲ್ಲ ಸಂಶೋಧನೆ ಬರುವುದಿಲ್ಲ. ಭದ್ರತೆಯ ಬೇಲಿ ಬರುತ್ತದೆ, ಒಂದಷ್ಟು ನೌಕರಿ ಬರುತ್ತದೆ. ವಿದ್ಯಾರ್ಥಿಗಳ ಕೈಗೆ ಉಪಗ್ರಹ ಬಂದಾಗಲೂ ಅದು ದೊಡ್ಡ ಊರುಗಳಲ್ಲೇ ಉಳಿಯಿತು. 2010ರ ಜುಲೈಯಲ್ಲಿ ಹಾರಿದ, ಒಂದು ಕಿಲೊಗಿಂತ ಕಡಿಮೆ ತೂಕದ ‘ಸ್ಟುಡ್‌ಸ್ಯಾಟ್’ ಬೆಂಗಳೂರು, ಹೈದರಾಬಾದುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳದು. 2016ರ ‘ಪಿಸ್ಯಾಟ್’ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ್ದು.

ಈಚಿನ ಕೆಲವು ಹೆಜ್ಜೆಗಳು ಬೇರೆ ದಿಕ್ಕು ಹಿಡಿದಿವೆ. ದಕ್ಷಿಣ ರಾಜ್ಯಗಳಿಗಾಗಿ ಇಸ್ರೊ ತನ್ನ ಪ್ರಾದೇಶಿಕ ಶೈಕ್ಷಣಿಕ ಅಂತರಿಕ್ಷ ಕೇಂದ್ರಕ್ಕೆ ಸುರತ್ಕಲ್ಲಿನ ಎನ್‌ಐಟಿಕೆಯನ್ನು ಆರಿಸಿಕೊಂಡಿತು. ಇಸ್ರೊಗೆ ಬೇಕಾದ ಸಂಶೋಧನಾ ಸಮಸ್ಯೆಗಳನ್ನು ಕಾಲೇಜುಗಳಿಗೆ ಹಂಚುವುದು ಅದರ ಉದ್ದೇಶ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತ್ರೀಡಿ ತಾರಾಲಯ ತೆರೆಯಿತು, ಮೈಸೂರಿನಲ್ಲಿ ಇನ್ನೊಂದಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಸಂಚಾರಿ ತಾರಾಲಯದ ವಾಹನಗಳು ಜಿಲ್ಲೆಗಳ ಶಾಲೆಗಳಿಗೆ ಹೋಗಿಬರುತ್ತವೆ. ಒಳ್ಳೆಯದೇ, ಆದರೆ ವ್ಯಾನು ಸಂಜೆ ಹೊರಟುಹೋಗುತ್ತದೆ. 2019ರಲ್ಲಿ ಶುರುವಾದ ಇಸ್ರೊದ ‘ಯುವಿಕಾ’ ಎಂಬ ಶಾಲಾ ಮಕ್ಕಳ ತರಬೇತಿಯ ಆಯ್ಕೆಯಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳಿಗೆ ಪ್ರತ್ಯೇಕ ಅಂಕವಿದೆ. ಆರಿಸಿ ಬರುವವರು ಮಾತ್ರ ಬೆರಳೆಣಿಕೆಯಷ್ಟು. ಇವೆಲ್ಲಕ್ಕಿಂತ ಸಣ್ಣ ಊರಿಗೆ ಹತ್ತಿರದ ಮಾದರಿ ಉಡುಪಿಯದು. ಅಲ್ಲಿನ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಡಾ. ಎ.ಪಿ. ಭಟ್ ಕಟ್ಟಿದ ಹವ್ಯಾಸಿ ಖಗೋಳ ವೀಕ್ಷಕರ ಸಂಘಕ್ಕೆ ಬೇಕಾದದ್ದು ಒಂದು ಕಾಲೇಜು, ಒಬ್ಬ ಹಟದ ಮೇಷ್ಟ್ರು, ಮೋಡವಿಲ್ಲದ ರಾತ್ರಿ.

ಮತ್ತೆ ಆನವಟ್ಟಿಯ ಸುತ್ತಲಿನ ಕಲ್ಲುಗಳಿಗೆ ಬರೋಣ. ತಾಳಗುಂದದ ಸ್ತಂಭಶಾಸನದಲ್ಲಿ ಕದಂಬ ವಂಶದ ಮಯೂರಶರ್ಮ ಓದಲು ಕಂಚಿಗೆ ಹೋದ ಕತೆಯಿದೆ. ಏಳು ಶತಮಾನದ ನಂತರ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳನ್ನು ಅಲ್ಲೇ ಕಲಿಸುತ್ತಿದ್ದುದನ್ನೂ ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಹೇಳುತ್ತದೆ. ಓದು ಕಂಚಿಯಿಂದ ಇಲ್ಲಿಗೂ ಬಂದಿತ್ತು. ಆಕಾಶದ ಓದೂ ಹಾಗೆಯೇ ಬರಬಹುದು. ಇಂದು ಚಂದ್ರಯಾನ, ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೊಸ್ಯಾಟ್‌ಗಳ ದತ್ತಾಂಶ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಉಪಗ್ರಹ ಚಿತ್ರಗಳಿಂದ ರಾಜ್ಯದ ನೆಲ ಜಲದ ನಕ್ಷೆ ಮಾಡುವ ದೂರ ಸಂವೇದಿ ಅನ್ವಯಿಕ ಕೇಂದ್ರ 1986ರಿಂದ ಕೆಲಸ ಮಾಡುತ್ತಿದೆ. ಕೆರೆಗಳಿಗೆ ಹೆಸರಾದ ಸೊರಬದಲ್ಲಿ ಮಕ್ಕಳು ತಮ್ಮೂರ ಕೆರೆ ಯಾವ ವರ್ಷ ಎಷ್ಟು ಕುಗ್ಗಿತೆಂದು ಹಳೆಯ ಚಿತ್ರಗಳಲ್ಲಿ ಹುಡುಕಿ ತೆಗೆಯಬಹುದು.

ಇನ್ನೂ ಅಗ್ಗದ ಪ್ರಯೋಗವೊಂದಿದೆ. ಸೂರ್ಯ ನಡುನೆತ್ತಿಗೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲವಾಗುವ ದಿನ ಬೆಂಗಳೂರಿಗೆ ಏಪ್ರಿಲ್ 24ರ ಆಸುಪಾಸು, ಆನವಟ್ಟಿಗೆ ಅದೇ ತಿಂಗಳ ಕೊನೆಗೆ. ಎರಡನೆಯ ಸಲ ಆಗಸ್ಟಿನಲ್ಲಿ, ಆಗ ಮಳೆ. ಏಪ್ರಿಲ್ ಕೊನೆಗೆ ಶಾಲೆಗೆ ಬೇಸಿಗೆ ರಜೆ. ಪಠ್ಯಕ್ರಮ ಮಾಡುವವರು ಯಾರೂ ಇದನ್ನು ಗಮನಿಸಿದಂತಿಲ್ಲ. ರಜೆಯಲ್ಲೂ ನಾಲ್ಕು ಮಕ್ಕಳು ಸೇರಿದರೆ ಸಾಕು: ಬೆಂಗಳೂರಿನಲ್ಲಿ ನೆರಳು ಮಾಯವಾದ ದಿನ ಆನವಟ್ಟಿಯಲ್ಲಿ ಒಂದು ಮೀಟರ್ ಕೋಲಿನ ನೆರಳು ಮಧ್ಯಾಹ್ನ ಸುಮಾರು 2.8 ಸೆಂಟಿಮೀಟರ್ ಇರುತ್ತದೆ. ಅಂದರೆ ಸೂರ್ಯ ನೆತ್ತಿಯಿಂದ 1.6 ಡಿಗ್ರಿ ಸರಿದಿರುತ್ತಾನೆ. ಎರಡೂರುಗಳ ನಡುವಿನ ಉತ್ತರ-ದಕ್ಷಿಣ ಅಂತರ ಸುಮಾರು 175 ಕಿಲೊಮೀಟರ್. ಅದನ್ನು 1.6ರಿಂದ ಭಾಗಿಸಿ 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿಲೊಮೀಟರಿನ ಹತ್ತಿರ ಬಂದು ನಿಲ್ಲುತ್ತದೆ.