ಹೊಸ್ತಿಲಿನ ಆಟ

ಚಿಕ್ಕಮಗಳೂರನ್ನು ಬಿಟ್ಟು, ಕೈಮರವನ್ನು ದಾಟಿ, ತಿರುವು ತಿರುವಿಗೂ ತಂಪೇರುತ್ತ ಹೋಗುವ ಘಟ್ಟದ ದಾರಿಯಲ್ಲಿ ಅತ್ತಿಗುಂಡಿಯನ್ನು ಸೇರುವವನಿಗೆ, ಈ ಊರಿನ ಸುತ್ತ ಇಳಿಜಾರುಗಳನ್ನೆಲ್ಲ ತುಂಬಿ ನಿಂತಿರುವ ಕಾಫಿಯ ಗಿಡಗಳು ನಿಷಿದ್ಧವಾದೊಂದು ಹೊಸ್ತಿಲನ್ನು ದಾಟಿ ಬಂದ ವಂಶದವು ಎಂಬ ಐತಿಹ್ಯವು ನೆನಪಾಗದೆ ಇರದು. ಮೊಳೆಯಬಲ್ಲ ಬೀಜವೊಂದೂ ತಮ್ಮ ನಾಡಿನ ಗಡಿಯನ್ನು ಮೀರಿ ಹೋಗಕೂಡದೆಂದು ಅರಬರು ಕಾವಲಿಟ್ಟಿದ್ದ ಹದಿನೇಳನೆಯ ಶತಮಾನದಲ್ಲಿ, ಮೆಕ್ಕಾ ಯಾತ್ರೆಯನ್ನು ಮುಗಿಸಿ ಮರಳುತ್ತಿದ್ದ ಬಾಬಾಬುಡನ್ ಎಂಬ ಸಂತನು ಏಳು ಬೀಜಗಳನ್ನು ಮರೆಮಾಡಿ ತಂದು ಈ ಗಿರಿಯ ಮೇಲೆ ಬಿತ್ತಿದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನ್ಯಾಯವಾದ ಬಾಗಿಲೊಂದು ಇಲ್ಲದ ಕಡೆಯಲ್ಲಿ ಯೋಗ್ಯವಾದ ವಸ್ತುವೂ ಮರೆಯಾಗಿಯೇ ಒಳಹೋಗಬೇಕಾಗುತ್ತದೆ. ಅರ್ಹತೆಗೆ ತಕ್ಕ ಬಾಗಿಲನ್ನು ನಿರ್ಮಿಸಿಕೊಡುವುದು ಮನುಷ್ಯನ ಸಂಸ್ಥೆಗಳೆಲ್ಲಕ್ಕೂ ದೊಡ್ಡ ಪರೀಕ್ಷೆ. ಆಟದ ಲೋಕವು ಈ ಪರೀಕ್ಷೆಯನ್ನು ಹೇಗೆ ಎದುರಿಸಿತು ಎಂಬುದೇ ಈ ಪ್ರಬಂಧದ ವಿಷಯ.

ಅದಕ್ಕೆ ಮೊದಲು ಈ ಊರಿನದೇ ಒಂದು ದೃಶ್ಯವನ್ನು ಕಣ್ಮುಂದೆ ತಂದುಕೊಳ್ಳಬೇಕು. ಕುಯ್ಲಿನ ದಿನಗಳಲ್ಲಿ ಸಂಜೆ ಇಳಿಯುವ ಹೊತ್ತಿಗೆ ಆಳುಗಳು ತಂದ ಹಣ್ಣನ್ನು ರೈಟರು ಅಳತೆ ಮಾಡಿ ಬರೆದುಕೊಂಡ ಮೇಲೆ, ಆ ಕೆಂಪು ರಾಶಿಯನ್ನು ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮಗ್ಗುಲಿನ ನೀರಿನ ತೊಟ್ಟಿಗೆ ಸುರಿಯುತ್ತಾರೆ. ಬಲಿತು ಭಾರವಾದ ಹಣ್ಣು ತಳಕ್ಕಿಳಿದು, ನೀರಿನ ಜೊತೆಗೇ ಹರಿದು ಯಂತ್ರದ ಬಾಯಿಗೆ ಹೋಗುತ್ತದೆ. ಹುಳು ಕೊರೆದದ್ದು, ಗಿಡದಲ್ಲೇ ಒಣಗಿದ್ದು, ಒಳಗೆ ಜೊಳ್ಳಾದದ್ದು ಮೇಲೆ ತೇಲುತ್ತದೆ. ಒಬ್ಬ ಆಳು ಬುಟ್ಟಿಯನ್ನು ಹಿಡಿದು ತೇಲಿದ್ದನ್ನು ಗೋರಿ ಗೋರಿ ತೆಗೆಯುತ್ತಾನೆ. ನೋಡುವವನಿಗೆ ಇದೊಂದು ಕಠೋರವಾದ ತೀರ್ಪಿನಂತೆ ತೋರೀತು. ಆದರೆ ತೇಲಿದ್ದನ್ನು ತಿಪ್ಪೆಗೆ ಎಸೆಯುವವರು ಯಾರೂ ಇಲ್ಲ. ಅದನ್ನು ಬೇರೆಯಾಗಿ ಕಣದಲ್ಲಿ ಹರಡಿ, ಹಗಲೆಲ್ಲ ಕೆದರಿ ಕೆದರಿ ಬಿಸಿಲಿಗೆ ಒಣಗಿಸಿ, ಚೆರ್ರಿಯೆಂದು ಚೀಲಕ್ಕೆ ತುಂಬುತ್ತಾರೆ. ತೊಟ್ಟಿಯ ನೀರು ದಾರಿಯನ್ನು ಬೇರ್ಪಡಿಸುತ್ತದೆಯೇ ಹೊರತು ಯಾವುದನ್ನೂ ನಿರಾಕರಿಸುವುದಿಲ್ಲ.

ಮೈಸೂರಿನ ಮಲೆನಾಡಿನಲ್ಲಿ ಐರೋಪ್ಯ ದೊರೆಗಳು ಕಾಡನ್ನು ಕಡಿದು ಕಾಫಿಯನ್ನು ಹಾಕುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಅವರ ಸ್ವದೇಶದ ಆಟಗಳೂ ಅವರ ಬೆನ್ನ ಹಿಂದೆ ಭಾರತಕ್ಕೆ ಬಂದವು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಮೈಮೇಲೆ ಬಿದ್ದು ಕೆಡಹುವ ರಗ್ಬಿ ಎಂಬ ಆಟವು ೧೮೭೨ನೆಯ ಇಸವಿಯ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ನಡೆಯಿತು. ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು ಇನ್ನೊಂದು ಕಡೆ, ತಂಡಕ್ಕೆ ಇಪ್ಪತ್ತು ಜನ. ಮರುವರ್ಷದ ಆರಂಭದಲ್ಲಿಯೇ ಅಲ್ಲಿ ಒಂದು ಕ್ಲಬ್ಬು ಸ್ಥಾಪಿತವಾಯಿತಾದರೂ, ಬಂಗಾಳದ ಸೆಕೆಯೂ, ಪೋಲೋ ಟೆನಿಸ್‌ಗಳ ಆಕರ್ಷಣೆಯೂ ಸೇರಿ ಅದರ ಆಯುಷ್ಯವನ್ನು ಕೆಲವೇ ವರ್ಷಗಳಲ್ಲಿ ಮುಗಿಸಿದವು. ಮುಚ್ಚುವ ಹೊತ್ತಿಗೆ ಬ್ಯಾಂಕಿನಲ್ಲಿ ಉಳಿದಿದ್ದ ಸುಮಾರು ೨೭೦ ಬೆಳ್ಳಿ ರೂಪಾಯಿಗಳನ್ನು ತೆಗೆಸಿ, ಕರಗಿಸಿ, ನಾಗರಹಾವುಗಳನ್ನೇ ಮೂರು ಹಿಡಿಗಳಾಗಿ, ಆನೆಯನ್ನು ಮುಚ್ಚಳದ ಶಿಖರವಾಗಿ ಉಳ್ಳ ಒಂದು ಬಟ್ಟಲನ್ನು ಮಾಡಿಸಿ, ೧೮೭೮ರಲ್ಲಿ ಇಂಗ್ಲೆಂಡಿನ ರಗ್ಬಿ ಮಂಡಲಿಗೆ ಕೊಟ್ಟರು. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಇಂದಿಗೂ ಪಣವಾಗಿರುವ ಕಲ್ಕತ್ತಾ ಕಪ್ಪು ಅದೇ. ನಮ್ಮ ನೆಲದ ರೂಪಾಯಿ ಕರಗಿ ಆದ ಆ ಬಟ್ಟಲಿಗಾಗಿ ಸೆಣಸುವ ಅವಕಾಶವು ನಮ್ಮ ನೆಲದ ಮಕ್ಕಳಿಗೆ ಎಂದೂ ದೊರೆಯಲಿಲ್ಲ. ಅದು ಯಾರ ದ್ವೇಷದ ಫಲವೂ ಅಲ್ಲ. ಆ ಕಾಲದ ಆಟವು ಆಮಂತ್ರಣದ ಆಟವಾಗಿದ್ದುದರ ಫಲ.

ಆಮಂತ್ರಣದ ಆಟವೆಂದರೇನೆಂಬುದನ್ನು ಇಲ್ಲಿ ತಿಳಿಯಬೇಕು. ೧೮೭೧ರಲ್ಲಿ ಹುಟ್ಟಿದ ಇಂಗ್ಲೆಂಡಿನ ರಗ್ಬಿ ಮಂಡಲಿಯು, ಶ್ರೇಣಿಗಳನ್ನೂ ಅಂಕಪಟ್ಟಿಗಳನ್ನೂ ಏರ್ಪಡಿಸಿದರೆ ಆಟದಲ್ಲಿ ಹಣದ ಆಸೆ ಹೊಕ್ಕೀತೆಂಬ ಭಯದಿಂದ ಬಹುಕಾಲ ಅವುಗಳನ್ನು ದೂರವಿಟ್ಟಿತ್ತು. ಯಾವ ಕ್ಲಬ್ಬು ಯಾವ ಕ್ಲಬ್ಬಿನ ಮೇಲೆ ಆಡಬೇಕೆಂಬುದನ್ನು ಆಯಾ ಕಾರ್ಯದರ್ಶಿಗಳು ಪತ್ರಮುಖೇನ ಗೊತ್ತುಮಾಡಿಕೊಳ್ಳುತ್ತಿದ್ದರು; ಹಳೆಯ ಸ್ನೇಹವುಳ್ಳವರಿಗೆ ದೊಡ್ಡ ಪಂದ್ಯ ದೊರೆಯುತ್ತಿತ್ತು, ಹೊಸಬರು ಎಷ್ಟೇ ಬಲಿಷ್ಠರಾದರೂ ಹೊರಗೆ ಕಾದಿರಬೇಕಾಗಿತ್ತು. ಇಂಗ್ಲೆಂಡಿನ ರಗ್ಬಿ ಕ್ಲಬ್ಬುಗಳಿಗೆ ದೇಶವ್ಯಾಪಿಯಾದ ಶ್ರೇಣಿಗಳು ಏರ್ಪಟ್ಟದ್ದು ೧೯೮೭ರಲ್ಲಿ ಮಾತ್ರ.

ಕಾಲ್ಚೆಂಡಿನವರು ಈ ವಿಷಯದಲ್ಲಿ ಮುಂದಾದರು. ಅಲ್ಲಿನ ಫುಟ್‌ಬಾಲ್ ಲೀಗು ಎರಡನೆಯ ಶ್ರೇಣಿಯನ್ನು ಆರಂಭಿಸಿದ ಮೇಲೆ, ಮೇಲಿನ ಶ್ರೇಣಿಯ ಕೊನೆಯವರನ್ನೂ ಕೆಳಗಿನ ಶ್ರೇಣಿಯ ಮೊದಲಿಗರನ್ನೂ ಎದುರುಬದುರು ನಿಲ್ಲಿಸಿ, ಯಾರು ಮೇಲೆ ಇರತಕ್ಕವರೆಂಬುದನ್ನು ಆಟದಿಂದಲೇ ನಿರ್ಣಯಿಸುವ ಪರೀಕ್ಷಾ ಪಂದ್ಯಗಳನ್ನು ೧೮೯೩ರಲ್ಲಿ ಏರ್ಪಡಿಸಿತು. ಇಂದು ಪ್ಲೇ-ಆಫ್ ಎಂದು ಕರೆಯಲ್ಪಡುವ ಪದ್ಧತಿಯ ಪೂರ್ವರೂಪಗಳು ಇವೇ. ಆದರೆ ೧೮೯೮ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಎಂಬ ಎರಡು ತಂಡಗಳು, ಸಮಬಲದಲ್ಲಿ ಮುಗಿದರೆ ಇಬ್ಬರಿಗೂ ಮೇಲಿನ ಶ್ರೇಣಿ ದಕ್ಕುವಂಥ ಸನ್ನಿವೇಶದಲ್ಲಿ ಎದುರಾಗಿ, ಗೋಲಿಲ್ಲದೆಯೇ ಪಂದ್ಯವನ್ನು ಮುಗಿಸಿದಾಗ ಲೋಕವು ತಲೆತಗ್ಗಿಸಿತು. ಆ ವರ್ಷಕ್ಕೇ ಪರೀಕ್ಷಾ ಪಂದ್ಯಗಳು ನಿಂತುಹೋದವು. ಬಾಗಿಲನ್ನು ಇಟ್ಟರಷ್ಟೇ ಸಾಲದು, ಅದರ ಮುಂದೆ ನಿಂತವನು ಪ್ರಾಮಾಣಿಕನಾಗಿ ಸೆಣಸುವಂತೆ ಅದನ್ನು ರಚಿಸಬೇಕೆಂಬ ಪಾಠವು ಹೀಗೆ ಬಲು ಹಿಂದೆಯೇ ಲಭಿಸಿತು.

ಆ ಪಾಠವನ್ನು ಕಲಿತಂತೆ ತೋರುವುದು, ಶತಮಾನಕ್ಕೂ ಮಿಕ್ಕ ಕಾಲದ ಮೇಲೆ, ರಗ್ಬಿಯವರೇ. ೧೯೯೫ರಲ್ಲಿ ಆ ಆಟವು ವೃತ್ತಿಯ ಆಟವಾಗಿ ಪರಿಣಮಿಸಿದ ವರ್ಷವೇ ಯೂರೋಪಿನ ಕ್ಲಬ್ಬುಗಳ ದೊಡ್ಡ ಸ್ಪರ್ಧೆಯೂ ಆರಂಭವಾಗಿತ್ತು. ೨೦೧೪ರಲ್ಲಿ ಅದನ್ನು ಚಾಂಪಿಯನ್ಸ್ ಕಪ್ ಎಂದು ಪುನರ್ರಚಿಸಿ ಇಪ್ಪತ್ತು ತಂಡಗಳಿಗೆ ಮಿತಿಗೊಳಿಸಿದಾಗ, ಹತ್ತೊಂಬತ್ತು ಸ್ಥಾನಗಳನ್ನು ದೇಶದೇಶದ ಶ್ರೇಣಿಗಳಿಂದ ತುಂಬಿ, ಇಪ್ಪತ್ತನೆಯದನ್ನು ಮಾತ್ರ ಹೊಸ್ತಿಲಿನ ಆಟಕ್ಕೆ, ಎಂದರೆ ಪ್ಲೇ-ಆಫ್‌ಗೆ, ಬಿಟ್ಟರು. ಇಂಗ್ಲೆಂಡಿನಲ್ಲಿ ಏಳನೆಯದಾಗಿ ಮುಗಿಸಿದ ವಾಸ್ಪ್ಸ್ ತಂಡವೂ, ಫ್ರಾನ್ಸಿನಲ್ಲಿ ಏಳನೆಯದಾದ ಪ್ಯಾರಿಸ್ಸಿನ ಸ್ಟಾಡ್ ಫ್ರಾನ್ಸೇ ತಂಡವೂ ಅದಕ್ಕಾಗಿ ತಂತಮ್ಮ ನೆಲದಲ್ಲಿ ಒಂದೊಂದು ಪಂದ್ಯವಾಡಬೇಕಾಯಿತು. ೨೦೦೪ ಮತ್ತು ೨೦೦೭ರಲ್ಲಿ ಯೂರೋಪಿನ ಕಿರೀಟವನ್ನೇ ಧರಿಸಿದ್ದ ವಾಸ್ಪ್ಸ್, ಈಗ ಒಳಗೆ ಬರಲು ಬಾಗಿಲನ್ನು ತಟ್ಟುತ್ತ ನಿಂತಿತ್ತು. ತನ್ನ ಊರಿನಲ್ಲಿ ೩೦-೨೨ರಿಂದಲೂ, ಪ್ಯಾರಿಸ್ಸಿನಲ್ಲಿ ೨೦-೧೫ರಿಂದಲೂ ಗೆದ್ದು ಅದು ಒಳಹೊಕ್ಕಿತು. ಸೋತ ಫ್ರೆಂಚರು ಎರಡನೆಯ ದರ್ಜೆಯ ಚಾಲೆಂಜ್ ಕಪ್ಪಿಗೆ ಹೋದರು. ಹಾಗೆ ತೇಲಿಹೋದ ಸ್ಟಾಡ್ ಫ್ರಾನ್ಸೇ ತಂಡವೇ ಮುಂದಿನ ವರ್ಷ ಫ್ರಾನ್ಸಿನ ಚಾಂಪಿಯನ್ ಆಯಿತು. ಎರಡು ಪಂದ್ಯಗಳ ಅಳತೆಯು ಒಂದು ತಂಡದ ಸತ್ತ್ವದ ಕೊನೆಯ ಅಳತೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡ ನಾಡಿನಲ್ಲಿ ರಗ್ಬಿಯ ಬೇರು ಆಳವಾಗಿ ಇಳಿಯಲಿಲ್ಲ; ನಮ್ಮವರು ಬಾಗಿಲನ್ನು ತಟ್ಟಿದ್ದು ಕಾಲ್ಚೆಂಡಿನಿಂದ. ೧೮೯೧ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ದೀರ್ಘಕಾಲ ಬ್ರಿಟಿಷ್ ಪಡೆಗಳ ಸೊತ್ತಿನಂತೆಯೇ ಇದ್ದ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಮೊದಲ ಬಾರಿಗೆ ಗೆದ್ದುಕೊಂಡ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದು ಅವರದೇ ಆಯಿತು. ೧೯೪೬-೪೭ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ತಂದಿತು. ಸ್ವತಂತ್ರ ಭಾರತವು ಪ್ರಥಮವಾಗಿ ಒಲಿಂಪಿಕ್ಸ್ ಕಾಲ್ಚೆಂಡಿಗೆ ಇಳಿದ ೧೯೪೮ರ ಲಂಡನ್ನಿನಲ್ಲಿ, ಬಹುಮಂದಿ ಬರಿಗಾಲಲ್ಲೇ ಆಡಿದ ಆ ತಂಡದ ಪರವಾಗಿ ಫ್ರಾನ್ಸಿನ ಮೇಲೆ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಇಂಥ ಪರಂಪರೆಯುಳ್ಳ ನಗರಕ್ಕೆ ಏಷ್ಯಾ ಖಂಡದ ಕ್ಲಬ್ಬುಗಳ ಅಗ್ರಪಂಕ್ತಿಯ ಸ್ಪರ್ಧೆಯ ಹೊಸ್ತಿಲನ್ನು ಮುಟ್ಟಲು ಮತ್ತೆ ಆರೂವರೆ ದಶಕಗಳು ಬೇಕಾದವು.

೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದು, ಆ ಗೆಲುವಿನ ಬಲದಿಂದ ಏಷ್ಯಾದ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯಕ್ಕೆ ಅಧಿಕಾರವನ್ನು ಪಡೆಯಿತು. ೨೦೧೫ರ ಫೆಬ್ರವರಿಯಲ್ಲಿ, ಸುನಿಲ್ ಛೇತ್ರಿಯ ನಾಯಕತ್ವದಲ್ಲಿ ಮಲೇಷ್ಯದ ಜೊಹೋರಿಗೆ ಹೋದ ಆ ತಂಡವು, ಜೊಹೋರ್ ದಾರುಲ್ ತಾಜಿಮ್ ಎಂಬ ಪ್ರಬಲ ತಂಡವನ್ನು ಅದರ ಮನೆಯಲ್ಲಿಯೇ ತಡೆದು, ತೊಂಬತ್ತು ನಿಮಿಷಗಳ ಮೇಲೆಯೂ ಸಮವಾಗಿ ನಿಂತು, ಹೆಚ್ಚಿನ ಅವಧಿಯಲ್ಲಿ ೨-೧ರಿಂದ ಸೋತಿತು. ಅಲ್ಲಿ ಎರಡನೆಯ ಪಂದ್ಯವೆಂಬುದಿರಲಿಲ್ಲ. ಒಂದೇ ರಾತ್ರಿ, ಒಂದೇ ತೀರ್ಪು. ಆದರೆ ಆ ಏರ್ಪಾಡಿನಲ್ಲಿಯೂ ತೇಲಿದ್ದಕ್ಕೆ ಒಂದು ಕಣವಿತ್ತು: ಹೊಸ್ತಿಲಿನಲ್ಲಿ ಸೋತವರು ಎರಡನೆಯ ದರ್ಜೆಯ ಎಎಫ್‌ಸಿ ಕಪ್ಪಿನಲ್ಲಿ ಆಡಬಹುದಾಗಿತ್ತು. ಬೆಂಗಳೂರು ಅಲ್ಲಿ ಆಡಿತು. ಗುಂಪಿನ ಹಂತವನ್ನು ದಾಟಿ ಮುಂದಿನ ಸುತ್ತಿನಲ್ಲಿ ನಿಂತಿತು. ಬಾಗಿಲನ್ನು ಮುಚ್ಚಿದ್ದ ಜೊಹೋರ್ ತಂಡವೂ ಚಾಂಪಿಯನ್ಸ್ ಲೀಗಿನ ಒಳಗನ್ನು ಮುಟ್ಟಲಾರದೆ ಅದೇ ಕಪ್ಪಿಗೆ ಇಳಿದುಬಂದು, ೨೦೧೫ರಲ್ಲಿ ಅದನ್ನು ಗೆದ್ದುಕೊಂಡಿತು.

ಮರುವರ್ಷ ಆ ಕಪ್ಪಿನ ಉಪಾಂತ್ಯದಲ್ಲಿ ಈ ಎರಡು ತಂಡಗಳೇ ಮುಖಾಮುಖಿಯಾದವು. ಜೊಹೋರಿನ ಪಂದ್ಯ ೧-೧ರಲ್ಲಿ ಮುಗಿದಿತ್ತು. ಎರಡನೆಯದು ಅಕ್ಟೋಬರಿನಲ್ಲಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಮೊದಲು ಗೋಲು ಹೊಡೆದವರು ಅತಿಥಿಗಳು. ವಿರಾಮಕ್ಕೆ ಮೊದಲು ಛೇತ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿ ಸಮಮಾಡಿದರು. ಅನಂತರ ದೂರದಿಂದಲೇ ಹೊಡೆದ ಅವರ ಎರಡನೆಯ ಗೋಲಿಗೆ ಇಡೀ ಕ್ರೀಡಾಂಗಣವು ಎದ್ದು ನಿಂತಿತು. ಅವರ ಜೊತೆಯಾಟಗಾರ ಹುವಾನನ್ ಮೂರನೆಯದನ್ನು ಸೇರಿಸಿದರು. ಇಪ್ಪತ್ತು ತಿಂಗಳ ಹಿಂದೆ ಪರದೇಶದಲ್ಲಿ ಮುಚ್ಚಿಹೋದ ಬಾಗಿಲು ಬೆಂಗಳೂರಿನ ನಟ್ಟನಡುವೆ ತೆರೆದುಕೊಂಡಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಮುಟ್ಟದಿದ್ದ ಅಂತಿಮ ಪಂದ್ಯಕ್ಕೆ ಕನ್ನಡ ನಾಡಿನ ತಂಡವು ಸಂದಿತು. ದೋಹಾದಲ್ಲಿ ನಡೆದ ಆ ಪಂದ್ಯವನ್ನು ಇರಾಕಿನ ವಾಯುಪಡೆಯ ಕ್ಲಬ್ಬು ಒಂದು ಗೋಲಿನಿಂದ ಗೆದ್ದಿತೆಂಬುದು ನಿಜ. ಆದರೂ ಕಂಠೀರವದ ಆ ರಾತ್ರಿಯ ಬೆಲೆ ಅದರಿಂದ ಕುಂದುವುದಿಲ್ಲ. ೨೦೧೭ರ ಜನವರಿಯಲ್ಲಿ ಜೋರ್ಡಾನಿನ ಅಲ್-ವೆಹ್ದಾತ್ ತಂಡದೆದುರು ಬೆಂಗಳೂರಿನವರು ಮತ್ತೆ ಹೊಸ್ತಿಲಿನಲ್ಲಿ ೨-೧ರಿಂದ ಸೋತರು. ಮತ್ತೆ ಕಣಕ್ಕೆ ಹೋದರು. ಮತ್ತೆ ಬಹುದೂರ ಸಾಗಿದರು.

ಆಮಂತ್ರಣದ ಆಟವು ಹೊಸಬನನ್ನು ನೋಡದೆಯೇ ಹೊರಗಿಡುತ್ತಿತ್ತು. ಹೊಸ್ತಿಲಿನ ಆಟವು ಅವನನ್ನು ಕರೆದು ಬೆಳಕಿನಲ್ಲಿ ನಿಲ್ಲಿಸಿ, ತೂಗಿ, ಆ ಮೇಲೆ ತೀರ್ಪು ಹೇಳುತ್ತದೆ. ಎರಡಕ್ಕೂ ಇರುವ ಅಂತರವು ಅವಮಾನಕ್ಕೂ ಸೋಲಿಗೂ ಇರುವ ಅಂತರ. ಸೋಲನ್ನು ಮನುಷ್ಯನು ಸಹಿಸಬಲ್ಲನು, ಅದರಿಂದ ಕಲಿಯಬಲ್ಲನು. ತೂಗದೆಯೇ ನೀನು ಹಗುರವೆಂದು ಹೇಳಿಸಿಕೊಳ್ಳುವುದನ್ನು ಸಹಿಸಲಾರನು. ಆದುದರಿಂದಲೇ ದೊಡ್ಡ ಸ್ಪರ್ಧೆಗಳನ್ನು ನಡೆಸುವವರು ಬಲ್ಲಿದರ ಕೂಟಗಳನ್ನು ಮಾತ್ರ ಕಟ್ಟಿಕೊಂಡು, ಹೊಸ್ತಿಲಿನ ಆಟಗಳನ್ನು ಲೆಕ್ಕದ ತೊಡಕೆಂದು ಕೈಬಿಡುವ ಪ್ರಸಂಗ ಬಂದಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ. ಯೂರೋಪಿನ ರಗ್ಬಿಯವರು ಕೂಡ ಆ ಪಂದ್ಯಗಳನ್ನು ೨೦೧೭ರ ಮೇಲೆ ಮುಂದುವರಿಸಲಿಲ್ಲ.

ಅತ್ತಿಗುಂಡಿಯಲ್ಲಿ ಕುಯ್ಲಿನ ಕಾಲದ ಬೆಳಗ್ಗೆ ಮಂಜು ಕರಗಿ ಬಿಸಿಲು ಏರಿದ ಮೇಲೆ, ಹಿಂದಿನ ಸಂಜೆ ತೊಟ್ಟಿಯಲ್ಲಿ ತೇಲಿದ ಹಣ್ಣು ಕಣದ ಒಂದು ಮೂಲೆಯಲ್ಲಿ ಹರಡಿಕೊಂಡಿರುವುದನ್ನು ಕಾಣಬಹುದು. ಹೆಂಗಸೊಬ್ಬಳು ಬರಿಗಾಲಿನಿಂದ ಅದರಲ್ಲಿ ಸಾಲು ಸಾಲಾಗಿ ಗೆರೆ ಎಳೆಯುತ್ತ, ಕೆಳಗಿನದನ್ನು ಮೇಲಕ್ಕೆ ತರುತ್ತ ನಡೆಯುತ್ತಾಳೆ. ತಡವಾಗಿ ಒಣಗುವ ಆ ಬೀಜಕ್ಕೂ ಅದೇ ಬಿಸಿಲು. ಅದೂ ಆ ಏಳು ಬೀಜಗಳ ಸಂತತಿಯೇ.