ಒಂದೇ ಅಳತೆಯ ತೋಟೆಗಾಗಿ: ರೀಲೋಡಿಂಗ್ ಪ್ರೆಸ್ ಬೆಳೆದು ಬಂದ ದಾರಿ

ಮಲೆನಾಡು, ಕೊಡಗಿನ ಕಡೆ ಕೇಪಿನ ಕೋವಿ ಕಂಡವರಿಗೆ ಇದು ಗೊತ್ತು: ಅದರ ಪ್ರತಿ ಈಡನ್ನೂ ಕೈಯಾರೆ ತುಂಬಬೇಕು. ನಳಿಗೆಗೆ ಮಸಿ ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಕೊನೆಗೆ ಕೇಪು ಕೂರಿಸಬೇಕು. ಮಸಿ ಹೆಚ್ಚುಕಡಿಮೆಯಾದರೆ ಈಡಿನ ದಾರಿಯೂ ಹೆಚ್ಚುಕಡಿಮೆ. ತೋಟೆ ಕೋವಿ ಬಂದ ಮೇಲೆ ನಮ್ಮಲ್ಲಿ ಈ ತುಂಬುವ ಕೆಲಸ ಕಾರ್ಖಾನೆಗೆ ಹೋಯಿತು. ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಇವತ್ತಿಗೂ ಲಕ್ಷಾಂತರ ಜನ ಖಾಲಿ ತೋಟೆಯನ್ನು ಮನೆಯ ಮೇಜಿನ ಮೇಲೆ ಮತ್ತೆ ತುಂಬುತ್ತಾರೆ. ಅದಕ್ಕೆ ಬಳಸುವ ಕಬ್ಬಿಣದ ಯಂತ್ರವೇ ರೀಲೋಡಿಂಗ್ ಪ್ರೆಸ್.

ಮೊಬೈಲಿನಲ್ಲಿ ಇದರ ವಿಡಿಯೋ ನೋಡಿದವರು ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಬಗೆಯ ಪ್ರೆಸ್‌ಗಳಲ್ಲಿ ಯಾವುದು ಒಳ್ಳೆಯದು? ಇದಕ್ಕೆ ಉತ್ತರ ಬೆಲೆಪಟ್ಟಿಗಿಂತ ಇತಿಹಾಸದಲ್ಲೇ ಚೆನ್ನಾಗಿ ಸಿಗುತ್ತದೆ ಎಂಬುದು ನಮ್ಮ ಅನಿಸಿಕೆ.

ಉಳಿಯುವುದು ಹಿತ್ತಾಳೆ

ರೈಫಲ್ ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕವಚ, ಬುಡದ ಕೇಪು, ಒಳಗಿನ ಮದ್ದು, ತುದಿಯ ಗುಂಡು. ಹೊಡೆದ ಮೇಲೆ ಮೂರು ಮುಗಿಯುತ್ತವೆ, ಹಿತ್ತಾಳೆ ಉಳಿಯುತ್ತದೆ. ಆದರೆ ಮದ್ದಿನ ಒತ್ತಡಕ್ಕೆ ಅದು ಉಬ್ಬಿ, ರೈಫಲ್ಲಿನ ಕೋಣೆಯ ಆಕಾರ ತಾಳಿರುತ್ತದೆ. ಅದನ್ನು ಗಟ್ಟಿ ಉಕ್ಕಿನ ಅಚ್ಚಿನೊಳಗೆ ನೂಕಿ ಹಳೆಯ ಅಳತೆಗೆ ತರಬೇಕು. ಅಚ್ಚಿಗೆ ಇಂಗ್ಲಿಷಿನಲ್ಲಿ ಡೈ ಎನ್ನುತ್ತಾರೆ. ಶಾವಿಗೆ ಒರಳಿಗೂ ಅದರ ಬಿಲ್ಲೆಗೂ ಇರುವ ನಂಟೇ ಪ್ರೆಸ್‌ಗೂ ಡೈಗೂ ಇರುವುದು. ಆಕಾರ ಕೊಡುವುದು ಬಿಲ್ಲೆ, ನೇರವಾಗಿ ಒತ್ತುವುದು ಒರಳು.

ಎರಡು ಕೇಪುಗಳ ಕಥೆ

ಈ ಕೆಲಸ ಅಮೆರಿಕದಲ್ಲಿ ಮನೆಮಾತಾಗಲು ಒಂದು ಚಿಕ್ಕ ತೂತು ಕಾರಣ. 1860ರ ದಶಕದಲ್ಲಿ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪು ರೂಪಿಸಿದರು. ಅಮೆರಿಕದ ಹೈರಮ್ ಬರ್ಡನ್ ಪದ್ಧತಿಯಲ್ಲಿ ಕಿಡಿ ಹೋಗುವ ತೂತುಗಳು ಬದಿಗೆ ಇರುತ್ತವೆ. ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಪದ್ಧತಿಯಲ್ಲಿ ನಟ್ಟನಡುವೆ ಒಂದೇ ತೂತು. ತಮಾಷೆಯೆಂದರೆ ಅಮೆರಿಕದವನ ಕೇಪು ಯುರೋಪಿನಲ್ಲಿ ಬೇರೂರಿತು, ಬ್ರಿಟಿಷನ ಕೇಪು ಅಮೆರಿಕದಲ್ಲಿ ನಿಂತಿತು.

ನಡುವೆ ತೂತಿದ್ದರೆ ಒಂದು ಸೂಜಿ ತೂರಿಸಿ ಹಳೆಯ ಕೇಪನ್ನು ಸುಲಭವಾಗಿ ಉದುರಿಸಬಹುದು. ಬದಿಯಲ್ಲಿದ್ದರೆ ಅದೇ ದೊಡ್ಡ ತಲೆನೋವು. ಹೀಗೆ ಅಮೆರಿಕದ ಬೇಟೆಗಾರನ ಕೈಗೆ ಮತ್ತೆ ಮತ್ತೆ ತುಂಬಬಹುದಾದ ತೋಟೆ ಸಿಕ್ಕಿತು. 1870ರ ದಶಕದಲ್ಲಿ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗೆ ಹೋದವರು ರಾತ್ರಿ ಬೆಂಕಿಯ ಮುಂದೆ ಕುಳಿತು ತೋಟೆ ತುಂಬಿಕೊಳ್ಳುತ್ತಿದ್ದರು.

ಇಕ್ಕಳದಿಂದ ಪ್ರೆಸ್‌ಗೆ

ಮೊದಲು ಇದ್ದದ್ದು ಇಕ್ಕಳದಂಥ ಉಪಕರಣ. 1884ರಲ್ಲಿ ಜಾನ್ ಬಾರ್ಲೊ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ಶುರು ಮಾಡಿ ಇಂಥ ಇಕ್ಕಳಗಳನ್ನು ಮಾರಿದ. 1925ರಲ್ಲಿ ಅದು ಲೈಮನ್ ಕಂಪನಿಯ ಪಾಲಾಯಿತು. ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದಾದ ಸಾಮಾನು ಅದು.

ಆದರೆ ಅಷ್ಟರಲ್ಲಿ ಮದ್ದೇ ಬದಲಾಗಿತ್ತು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೊಗೆಯಿಲ್ಲದ ಮದ್ದು ಕರಿಮದ್ದಿಗಿಂತ ಬಹಳ ಹೆಚ್ಚು ಒತ್ತಡ ಕೊಡುತ್ತಿತ್ತು. ಹಿತ್ತಾಳೆ ಬುಡದವರೆಗೂ ಬಿಗಿಯಾಗಿ ಉಬ್ಬತೊಡಗಿತು. ಇಕ್ಕಳ ಅದರ ಕುತ್ತಿಗೆಯನ್ನಷ್ಟೇ ಹಿಸುಕಬಲ್ಲದು, ಇಡೀ ಮೈಯನ್ನು ಅಚ್ಚಿಗೆ ನೂಕುವ ಬಲ ಅದಕ್ಕಿಲ್ಲ. ಮೇಜಿಗೆ ಬೋಲ್ಟ್ ಹಾಕಿ ಕೂರಿಸುವ, ಉದ್ದ ಹಿಡಿಯ ಪ್ರೆಸ್ ಬೇಕಾಯಿತು.

ಎರಡನೇ ಮಹಾಯುದ್ಧ ಇದಕ್ಕೆ ದೊಡ್ಡ ತಿರುವು ಕೊಟ್ಟಿತು. ಕಾರ್ಖಾನೆಗಳೆಲ್ಲ ಸೇನೆಗೆ ದುಡಿಯುತ್ತಿದ್ದವು, ಅಂಗಡಿಯಲ್ಲಿ ಗುಂಡು ಸಿಗುತ್ತಿರಲಿಲ್ಲ. 1943ರಲ್ಲಿ ಕ್ಯಾಲಿಫೋರ್ನಿಯಾದ ಒರೋವಿಲ್ ಎಂಬ ಚಿಕ್ಕ ಊರಿನಲ್ಲಿ ಫ್ರೆಡ್ ಹಂಟಿಂಗ್‌ಟನ್ ತನ್ನ ತಂದೆಯ ಲಾಂಡ್ರಿ ಅಂಗಡಿಯ ಹಿಂಬದಿಯಲ್ಲಿ ಅಚ್ಚುಗಳನ್ನು ಮಾಡತೊಡಗಿದ. ಹೊಡೆದು ಬಿಸಾಡಿದ ಪಾಯಿಂಟ್ 22 ತೋಟೆಗಳ ಹಿತ್ತಾಳೆಯನ್ನೇ ಹೊದಿಕೆ ಮಾಡಿ ಗುಂಡು ಒತ್ತುವ ಅಚ್ಚು ಅದು. ಗುಡ್ಡದ ಬಿಲಗಳಲ್ಲಿ ಇರುವ ರಾಕ್ ಚಕ್ ಎಂಬ ಅಳಿಲಿನ ಜಾತಿಯ ಪ್ರಾಣಿಯ ಬೇಟೆಗೆ ಈ ಗುಂಡು. ಆ ಪ್ರಾಣಿಯ ಹೆಸರೇ ಆರ್‌ಸಿಬಿಎಸ್ ಕಂಪನಿಯ ಮೊದಲ ಎರಡು ಅಕ್ಷರವಾಯಿತು. ಮುಂದೆ ಅದೇ ಕಂಪನಿಯ ರಾಕ್ ಚಕ್ಕರ್ ಪ್ರೆಸ್ ಸಾವಿರಾರು ಮನೆ ಸೇರಿತು.

ಇನ್ನೊಂದು ಒಳ್ಳೆಯದಾಯಿತು. ಡೈಯ ಥ್ರೆಡ್ಡಿಗೆ 7/8 ಇಂಚು ಅಗಲ, ಇಂಚಿಗೆ 14 ಸುತ್ತು ಎಂಬ ಅಳತೆ ಬಹುಪಾಲು ಕಂಪನಿಗಳಲ್ಲಿ ನೆಲೆ ನಿಂತಿತು. ಯಾವ ಕಂಪನಿಯ ಬಲ್ಬಾದರೂ ಹೋಲ್ಡರಿಗೆ ಕೂರುವಂತೆ, ಒಬ್ಬರ ಡೈ ಇನ್ನೊಬ್ಬರ ಪ್ರೆಸ್‌ಗೆ ಕೂರುತ್ತದೆ.

ಯಾವುದನ್ನು ಆರಿಸುವುದು?

ಒಂದೊಂದು ಪ್ರೆಸ್ಸೂ ಒಂದೊಂದು ಅಗತ್ಯಕ್ಕೆ ಹುಟ್ಟಿದ್ದು. ಇದನ್ನು ಮರೆತವರು ದುಡ್ಡು ಕಳೆದುಕೊಳ್ಳುತ್ತಾರೆ.

ಸಿ ಆಕಾರದ ಪ್ರೆಸ್ ಮುಂದೆ ತೆರೆದಿರುತ್ತದೆ. ಕೈಯಾಡಿಸಲು ಸಲೀಸು, ಆದರೆ ಬಲವಾಗಿ ಒತ್ತಿದರೆ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಓ ಆಕಾರದ್ದು ಸುತ್ತಲೂ ಮುಚ್ಚಿದ ಚೌಕಟ್ಟು, ಬಾಗುವುದು ಬಹಳ ಕಡಿಮೆ. ರಾಕ್ ಚಕ್ಕರ್ ಈ ಬಗೆಯದು.

ಟರೆಟ್ ಪ್ರೆಸ್‌ನಲ್ಲಿ ನಾಲ್ಕಾರು ಡೈಗಳು ತಿರುಗುವ ತಲೆಯ ಮೇಲಿರುತ್ತವೆ. ಡೈ ಬಿಚ್ಚಿ ಹಾಕುವ ಕೆಲಸ ಉಳಿಯುತ್ತದೆ, ಆದರೆ ತಿರುಗುವ ತಲೆ ಸಡಿಲವಿದ್ದರೆ ಒತ್ತುವಾಗ ಅಲುಗುತ್ತದೆ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಹಲವು ತೋಟೆಗಳಿಗೆ ಹಲವು ಕೆಲಸ ಒಟ್ಟಿಗೆ ಆಗುತ್ತವೆ. ಗಂಟೆಗೆ ನೂರಾರು ತೋಟೆ. ಹೆಚ್ಚು ಗುಂಡು ಖರ್ಚು ಮಾಡುವ ಪಿಸ್ತೂಲು ಸ್ಪರ್ಧಿಗಳ ನಡುವೆ ಇದು ಬೆಳೆಯಿತು. ಫಾರ್ಸ್ಟರ್ ಕಂಪನಿಯ ಕೋ-ಆಕ್ಸ್ ಇನ್ನೊಂದು ದಾರಿ ಹಿಡಿಯಿತು: ಡೈಯನ್ನೂ ತೋಟೆಯನ್ನೂ ಬಿಗಿಯದೆ ತುಸು ಸಡಿಲ ಬಿಟ್ಟು, ಅವೇ ತಮ್ಮ ನಡುಗೆರೆಗೆ ಬಂದು ಕೂರುವಂತೆ ಮಾಡಿತು.

ದೂರದ ಗುರಿಯ ರೈಫಲ್ಲಿಗೆ ಬೇಕಾದದ್ದು ವೇಗವಲ್ಲ. ಪ್ರತಿ ತೋಟೆಯ ಭುಜವೂ ಇಂಚಿನ ಸಾವಿರದಲ್ಲಿ ಒಂದೆರಡು ಭಾಗದಷ್ಟೇ, ಒಂದೇ ಸಮ ಹಿಂದೆ ಸರಿಯಬೇಕು. ಗುಂಡು ಓರೆಯಾಗದೆ ನೆಟ್ಟಗೆ ಕೂರಬೇಕು. ಅದಕ್ಕೇ ಮೊದಲ ಬಾರಿ ಕೊಳ್ಳುವವರಿಗೆ ಅನುಭವಿಗಳು ಸಾಮಾನ್ಯವಾಗಿ ತೋರಿಸುವುದು ಗಟ್ಟಿಮುಟ್ಟಾದ, ಒಂದೇ ಡೈ ಕೂರುವ ಓ ಆಕಾರದ ಪ್ರೆಸ್ಸನ್ನು. ನಿಧಾನವೇ ಅದರ ಗುಣ. ಒಂದು ಹಂತ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕಾದ್ದರಿಂದ ಪ್ರತಿ ತೋಟೆಯೂ ಕಣ್ಣಿಗೆ ಬೀಳುತ್ತದೆ. ಮದ್ದು ಎರಡು ಸಲ ಬಿದ್ದರೆ ಹೋಗುವುದು ಗುರಿಯಲ್ಲ, ಕಣ್ಣು ಮತ್ತು ಕೈ.

ಇನ್ನೂ ಒಂದು ಸಂಗತಿ. ಅತಿ ನಿಖರತೆಯ ಬೆಂಚ್‌ರೆಸ್ಟ್ ಸ್ಪರ್ಧಿಗಳಲ್ಲಿ ಹಲವರು ಗುಂಡು ಕೂರಿಸಲು ಬಳಸುವುದು ಅಂಗೈಯಲ್ಲಿ ಹಿಡಿಯುವ ಡೈ ಮತ್ತು ಪುಟ್ಟದೊಂದು ಪ್ರೆಸ್. ಸ್ಪರ್ಧೆಯ ಜಾಗಕ್ಕೇ ಹೊತ್ತೊಯ್ದು, ಸುತ್ತುಗಳ ನಡುವೆ ಅಲ್ಲೇ ತುಂಬಿಕೊಳ್ಳುತ್ತಾರೆ. ಯಂತ್ರ ದೊಡ್ಡದಾದರೆ ತೋಟೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ದೇಶದ ಕಾನೂನು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿಗೆ ಲೈಸೆನ್ಸ್ ಇದೆ ಎಂದು ಮನೆಯಲ್ಲಿ ತೋಟೆ ತುಂಬಲು ಹೊರಡಬಾರದು. ವಿಡಿಯೋ ನೋಡಿ ಕೈ ಹಾಕಿದರೆ ಅಪಾಯವೂ ಇದೆ, ಕೇಸೂ ಇದೆ.

ಅಷ್ಟಿದ್ದೂ ಈ ಕಥೆಯಲ್ಲಿ ತಿಳಿಯಬೇಕಾದದ್ದು ಇದೆ. ಕಾರ್ಖಾನೆಯ ತೋಟೆ ಆ ಅಳತೆಯ ಎಲ್ಲ ರೈಫಲ್ಲುಗಳಿಗೂ ಕೂರಬೇಕು, ಅದು ರೆಡಿಮೇಡ್ ಅಂಗಿ. ಪ್ರೆಸ್‌ನಲ್ಲಿ ತುಂಬಿದ್ದು ಒಂದೇ ರೈಫಲ್ಲಿನ ಮೈ ನೋಡಿ ಹೊಲಿದದ್ದು. ಒಳ್ಳೆಯ ದರ್ಜಿಗೆ ಮಿಷನ್ ಎಷ್ಟು ಜೋರಾಗಿ ಓಡುತ್ತದೆ ಎನ್ನುವುದಕ್ಕಿಂತ ಹೊಲಿಗೆ ನೇರ ಬರುತ್ತದೆಯೇ ಎನ್ನುವುದು ಮುಖ್ಯ. ಪ್ರೆಸ್ ಕೊಳ್ಳುವವರು ಕೇಳಬೇಕಾದದ್ದೂ ಅಷ್ಟೇ: ನೂರನೇ ತೋಟೆಯೂ ಮೊದಲನೆಯದರ ಹಾಗೇ ಬರುತ್ತದೆಯೇ?